ಮೊರೀನ್ ಓಹಾರಾಗೆ ಕೊಟ್ಟಿದ್ದನ್ನು ನಮಗೂ ತೋರಿಸಬೇಕಿತ್ತು: ಆಸ್ಕರ್ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಅಕಾಡೆಮಿಯ ಆಡಳಿತ ಮಂಡಳಿಯವರಿಗೆ ನಮಸ್ಕಾರ.

2014ರ ನವೆಂಬರ್ 8ರ ರಾತ್ರಿ ಲಾಸ್ ಏಂಜಲಿಸ್‌ನಲ್ಲಿ ನಡೆದ ನಿಮ್ಮ ಗವರ್ನರ್ಸ್ ಅವಾರ್ಡ್ಸ್ ಕೂಟದಲ್ಲಿ ಹಾಲಿವುಡ್‌ನ ಐರಿಶ್ ನಟಿ ಮೊರೀನ್ ಓಹಾರಾ ಅವರಿಗೆ ಗೌರವ ಆಸ್ಕರ್ ಕೊಟ್ಟಿರಿ. ಆಗ ಅವರಿಗೆ 94 ವರ್ಷ. ಗಾಲಿಕುರ್ಚಿಯಲ್ಲಿ ಬಂದಿದ್ದರು. ಅದಾಗಿ ಒಂದು ವರ್ಷ ತುಂಬುವ ಮೊದಲೇ, 2015ರ ಅಕ್ಟೋಬರ್ 24ರಂದು ತೀರಿಕೊಂಡರು.

ಅವರು ಅದನ್ನು ಕೈಗೆ ತೆಗೆದುಕೊಂಡ ಗಳಿಗೆಯನ್ನು ನಾವು ಟಿವಿಯಲ್ಲಿ ನೋಡಲಿಲ್ಲ. ನೋಡುವುದಕ್ಕೆ ದಾರಿಯೇ ಇರಲಿಲ್ಲ. 2009ರಿಂದ ನೀವು ಗೌರವ ಆಸ್ಕರ್‌ಗಳನ್ನು ಮುಖ್ಯ ಸಮಾರಂಭದಿಂದ ತೆಗೆದು, ಟಿವಿ ಪ್ರಸಾರ ಇಲ್ಲದ ಬೇರೊಂದು ರಾತ್ರಿಗೆ ಹಾಕಿದ್ದೀರಿ. ಅದನ್ನು ವಾಪಸ್ ತನ್ನಿ. ನಾನು ಕೇಳುವುದು ಇಷ್ಟೇ. ಯಾಕೆ ಅಂತ ಹೇಳುವುದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಬೇಕು.

ನಾನು ಐರ್ಲೆಂಡಿನ ಗಾಲ್ವೇಯಲ್ಲಿದ್ದೇನೆ. ಹುಟ್ಟಿ ಬೆಳೆದಿದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಇಲ್ಲಿಗೆ ಬಂದ ಮೊದಲ ವರ್ಷವೇ ಕೆಲಸದ ಗೆಳತಿಯೊಬ್ಬಳು ನನ್ನನ್ನು ಕಾಂಗ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದಳು. ಗಾಲ್ವೇಯಿಂದ ಕಾರಿನಲ್ಲಿ ಗಂಟೆಯೊಳಗಿನ ದಾರಿ. ಮೇಯೋ ಕೌಂಟಿಯ ಅಂಚಿನಲ್ಲಿರುವ ಊರು. ಎರಡು ಬೀದಿ, ಒಂದು ಹಳೆಯ ಮಠದ ಪಾಳು ಗೋಡೆಗಳು, ಸುತ್ತ ತಣ್ಣಗೆ ಹರಿಯುವ ಹೊಳೆ. 1951ರ ಬೇಸಿಗೆಯಲ್ಲಿ ನಿರ್ದೇಶಕ ಜಾನ್ ಫೋರ್ಡ್ ಇಲ್ಲಿ 'ದಿ ಕ್ವಯಟ್ ಮ್ಯಾನ್' ಚಿತ್ರೀಕರಿಸಿದರು. ಎಪ್ಪತ್ತು ವರ್ಷ ದಾಟಿದರೂ ಊರು ಇನ್ನೂ ಆ ಬೇಸಿಗೆಯಲ್ಲೇ ಇದೆ. ಚಿತ್ರದಲ್ಲಿ ಕಾಣುವ ಪ್ಯಾಟ್ ಕೋಹನ್ ಬಾರು ಆಗ ನಿಜಕ್ಕೂ ಒಂದು ದಿನಸಿ ಅಂಗಡಿ. ಈಗ ಅದು ನಿಜವಾದ ಬಾರೇ ಆಗಿದೆ. ಊರಿನ ನಡುವೆ ಒಂದು ಕಂಚಿನ ಪ್ರತಿಮೆ ಇದೆ. ಆ ಚಿತ್ರದ ನಾಯಕ ಜಾನ್ ವೇಯ್ನ್, ನಾಯಕಿ ಮೊರೀನ್ ಅವರನ್ನು ಎತ್ತಿಕೊಂಡು ನಿಂತಿದ್ದಾರೆ. ಪ್ರವಾಸಿಗಳು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಆ ಹೆಂಗಸು ಯಾರು ಅಂತ ಆಗ ನನಗೆ ಗೊತ್ತಿರಲಿಲ್ಲ.

ಆಮೇಲೆ ಗೊತ್ತುಮಾಡಿಕೊಂಡೆ. ಒಂದೊಂದಾಗಿ ಅವರ ಸಿನಿಮಾಗಳನ್ನು ಹುಡುಕಿ ನೋಡಿದೆ. ನೋಡುತ್ತಾ ಹೋದಂತೆ ನನಗೆ ಒಂದು ಪ್ರಶ್ನೆ ಅಂಟಿಕೊಂಡಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

1941ರ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಯನ್ನೇ ತೆಗೆದುಕೊಳ್ಳಿ. ಅದಕ್ಕೆ ನೀವು 10 ನಾಮನಿರ್ದೇಶನ ಕೊಟ್ಟಿರಿ, 5 ಆಸ್ಕರ್ ಕೊಟ್ಟಿರಿ. ಆ ವರ್ಷದ ಅತ್ಯುತ್ತಮ ಚಿತ್ರ ಅದೇ. ನಿರ್ದೇಶಕರಿಗೆ ಬಂತು. ಅಪ್ಪನ ಪಾತ್ರ ಮಾಡಿದ ಡೊನಾಲ್ಡ್ ಕ್ರಿಸ್ಪ್‌ಗೆ ಬಂತು. ಅಮ್ಮನ ಪಾತ್ರ ಮಾಡಿದ ಡಬ್ಲಿನ್ನಿನ ಸಾರಾ ಆಲ್‌ಗುಡ್ ನಾಮನಿರ್ದೇಶನ ಪಡೆದರು. ಮಗಳು ಆಂಗ್ಹರಾಡ್ ಆಗಿ ನಟಿಸಿದ ಮೊರೀನ್‌ಗೆ ಏನೂ ಇಲ್ಲ. 1947ರ 'ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್' 3 ಆಸ್ಕರ್ ಗೆದ್ದಿತು. ಸಾಂತಾ ಕ್ಲಾಸ್ ಆಗಿದ್ದ ಎಡ್ಮಂಡ್ ಗ್ವೆನ್‌ಗೆ ಬಂತು. ಮೊರೀನ್‌ಗೆ ಇಲ್ಲ. 'ದಿ ಕ್ವಯಟ್ ಮ್ಯಾನ್' 7 ನಾಮನಿರ್ದೇಶನ, 2 ಆಸ್ಕರ್. ಅಣ್ಣನ ಪಾತ್ರದ ವಿಕ್ಟರ್ ಮೆಕ್‌ಲ್ಯಾಗ್ಲೆನ್‌ಗೆ ನಾಮನಿರ್ದೇಶನ. ಮೊರೀನ್‌ಗೆ ಇಲ್ಲ.

ಗೆಲ್ಲಲಿಲ್ಲ ಅಂತಲ್ಲ. ಸ್ಪರ್ಧೆಯ ಪಟ್ಟಿಯಲ್ಲಿ ಅವರ ಹೆಸರು ಜೀವನದಲ್ಲಿ ಒಂದು ಸಲವೂ ಬರಲಿಲ್ಲ. ಒಮ್ಮೆಯೂ ನಾಮನಿರ್ದೇಶನ ಆಗದೆ ಗೌರವ ಆಸ್ಕರ್ ಪಡೆದ ನಟಿಯರಲ್ಲಿ ಅವರು ಎರಡನೆಯವರು. ಮೊದಲನೆಯವರು ಮರ್ನಾ ಲಾಯ್. ಸುತ್ತ ಇದ್ದವರಿಗೆಲ್ಲ ಊಟ ಬಡಿಸಿ ನಡುವೆ ಕೂತವರ ಎಲೆಯನ್ನು ದಾಟಿಕೊಂಡು ಹೋದ ಹಾಗೆ ಆಯಿತಲ್ವಾ ಇದು?

ಅವರು ಹುಟ್ಟಿದ್ದು 1920ರ ಆಗಸ್ಟ್ 17ರಂದು, ಡಬ್ಲಿನ್ನಿನ ರಾನೆಲಾ ಬಡಾವಣೆಯಲ್ಲಿ. ಮನೆ ಹೆಸರು ಫಿಟ್ಸ್‌ಸೈಮನ್ಸ್. ಆರು ಮಕ್ಕಳಲ್ಲಿ ಎರಡನೆಯವರು. ಅಪ್ಪ ಬಟ್ಟೆ ವ್ಯಾಪಾರಿ, ಶ್ಯಾಮ್‌ರಾಕ್ ರೋವರ್ಸ್ ಫುಟ್‌ಬಾಲ್ ತಂಡದಲ್ಲಿ ಪಾಲುದಾರ. ಅಮ್ಮ ಗಾಯಕಿ. ಮೊರೀನ್ 14ನೇ ವಯಸ್ಸಿಗೇ ಡಬ್ಲಿನ್ನಿನ ಆಬಿ ಥಿಯೇಟರ್ ಸೇರಿದರು. ನಾಟಕದ ಹುಚ್ಚು ಇರಲಿ, ಆದರೆ ಹೊಟ್ಟೆಪಾಡಿಗೆ ಒಂದು ವಿದ್ಯೆ ಬೇಕು ಅಂತ ಅಪ್ಪ ಹಟ ಹಿಡಿದು ಟೈಪಿಂಗ್ ಮತ್ತು ಲೆಕ್ಕಪತ್ರ ಕಲಿಸಿದರು. ನಮ್ಮ ಊರಿನ ಕಡೆ ಅಪ್ಪಂದಿರು ಟೈಪಿಂಗ್ ಕ್ಲಾಸಿಗೆ ಕಳಿಸುತ್ತಿದ್ದ ಹಾಗೇ. ಆ ಟೈಪಿಂಗ್ ಮುಂದೆ ಕೆಲಸಕ್ಕೆ ಬಂತು. ಫೋರ್ಡ್ 'ದಿ ಕ್ವಯಟ್ ಮ್ಯಾನ್' ಬಗ್ಗೆ ತಮ್ಮ ದೋಣಿಯಲ್ಲಿ ಕೂತು ಹೇಳುತ್ತಿದ್ದ ಟಿಪ್ಪಣಿಗಳನ್ನು ಟೈಪ್ ಮಾಡಿಕೊಟ್ಟವರು ಮೊರೀನ್ ಅವರೇ.

17ನೇ ವಯಸ್ಸಿನಲ್ಲಿ ಲಂಡನ್ನಿಗೆ ಸ್ಕ್ರೀನ್ ಟೆಸ್ಟಿಗೆ ಹೋದರು. ಮುಖಕ್ಕೆ ದಪ್ಪ ಮೇಕಪ್ ಮೆತ್ತಿ, ಮಿರಮಿರ ಮಿಂಚುವ ಚಿನ್ನದ ಬಣ್ಣದ ಉಡುಪು ಹಾಕಿಸಿದರು. ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಆ ತುಣುಕು ನೋಡಿದ ನಟ ಚಾರ್ಲ್ಸ್ ಲಾಟನ್‌ಗೆ ಆ ಕಣ್ಣುಗಳು ಮರೆಯಲಾಗಲಿಲ್ಲ. ತಮ್ಮ ಕಂಪನಿಯಲ್ಲಿ ಏಳು ವರ್ಷದ ಕರಾರು ಮಾಡಿಸಿಕೊಂಡರು. ಫಿಟ್ಸ್‌ಸೈಮನ್ಸ್ ಅನ್ನುವ ಹೆಸರು ಥಿಯೇಟರ್ ಬೋರ್ಡಿಗೆ ಉದ್ದವಾಯಿತು ಅಂತ ಓಹಾರಾ ಮಾಡಿದವರೂ ಅವರೇ. 1939ರಲ್ಲಿ ಹಿಚ್‌ಕಾಕ್ ನಿರ್ದೇಶನದ 'ಜಮೈಕಾ ಇನ್' ಬಂತು. ಅದೇ ವರ್ಷ ಲಾಟನ್ ಜೊತೆ ಹಾಲಿವುಡ್‌ಗೆ ಬಂದು 'ದಿ ಹಂಚ್‌ಬ್ಯಾಕ್ ಆಫ್ ನೋತ್ರ ದಾಮ್'ನಲ್ಲಿ ಎಸ್ಮೆರಾಲ್ಡಾ ಆದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಲಂಡನ್ನಿನಲ್ಲಿ ಸಿನಿಮಾ ಮಾಡುವ ಹಾಗಿರಲಿಲ್ಲ. ಲಾಟನ್ ಕಂಪನಿ ಮೊರೀನ್ ಅವರ ಕರಾರನ್ನು ಆರ್‌ಕೆಒ ಸ್ಟುಡಿಯೋಗೆ ಮಾರಿಬಿಟ್ಟಿತು. 19 ವರ್ಷದ ಹುಡುಗಿ. ಮನೆ ಸಮುದ್ರದಾಚೆ. ಕೆಲಸದ ಕಾಗದ ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಹೊರದೇಶದಲ್ಲಿ ವೀಸಾ ಹಿಡಿದುಕೊಂಡು ದುಡಿದವರಿಗೆ ಇದರ ಸಂಕಟ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಂದ ವರ್ಷಗಳಲ್ಲಿ ಅವರಿಗೆ ಒಂದು ಬಿರುದು ಅಂಟಿತು. ಟೆಕ್ನಿಕಲರ್‌ನ ರಾಣಿ. ಕೆಂಪು ಕೂದಲು, ಹಸಿರು ಕಣ್ಣು, ಹಾಲಿನಂಥ ಮೈಬಣ್ಣ. ಹೊಸದಾಗಿ ಬಂದಿದ್ದ ಬಣ್ಣದ ಫಿಲ್ಮಿಗೆ ಹೇಳಿ ಮಾಡಿಸಿದ ಮುಖ. 'ದಿ ಬ್ಲ್ಯಾಕ್ ಸ್ವಾನ್', 'ದಿ ಸ್ಪ್ಯಾನಿಶ್ ಮೇನ್', 'ಸಿಂದ್‌ಬಾದ್ ದಿ ಸೇಲರ್' ಅಂತ ಸಾಲುಸಾಲು ಕಡಲುಗಳ್ಳರ ಕಥೆಗಳು. ಕತ್ತಿವರಸೆ ಕಲಿತರು. ಜಿಗಿಯುವುದು, ಬೀಳುವುದು, ಕುದುರೆ ಸವಾರಿ ಎಲ್ಲ ಮುಕ್ಕಾಲುಪಾಲು ತಾವೇ ಮಾಡಿದರು. ಆದರೆ ಬರೆಯುವವರು ಬರೆದದ್ದು ಕೂದಲಿನ ಬಗ್ಗೆ. ಚಂದ ಇದ್ದಾರೆ ಅಂದಮೇಲೆ ನಟನೆ ನೋಡುವ ಅಗತ್ಯವೇ ಇಲ್ಲ ಅನ್ನುವ ಹಾಗೆ.

ನನಗೆ ಇದರಲ್ಲಿ ತುಂಬ ಬೇಸರವಾಗುವುದು 1940ರ ಒಂದು ಚಿತ್ರದ ವಿಷಯಕ್ಕೆ. 'ಡ್ಯಾನ್ಸ್, ಗರ್ಲ್, ಡ್ಯಾನ್ಸ್'. ನಿರ್ದೇಶಕಿ ಡೊರೊಥಿ ಆರ್ಜ್‌ನರ್. ಆ ಕಾಲದ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳಲ್ಲಿ ನಿರ್ದೇಶನ ಮಾಡುತ್ತಿದ್ದ ಹೆಂಗಸು ಅವರೊಬ್ಬರೇ. ಅದರಲ್ಲಿ ಮೊರೀನ್ ಬ್ಯಾಲೆ ಕಲಿತ ಹುಡುಗಿ. ಹೊಟ್ಟೆಪಾಡಿಗೆ ಅಗ್ಗದ ನಾಟ್ಯಗೃಹವೊಂದರಲ್ಲಿ ಕುಣಿಯುತ್ತಾಳೆ. ಗಂಡಸರು ಬಂದಿರುವುದು ಬೇರೊಬ್ಬ ನರ್ತಕಿಯ ಮೈ ನೋಡುವುದಕ್ಕೆ. ಇವಳು ಬ್ಯಾಲೆ ಶುರುಮಾಡಿದರೆ ಕೂಗಿ ಗೇಲಿ ಮಾಡಬೇಕು, ಅದೇ ಆಟ. ಒಂದು ರಾತ್ರಿ ಅವಳು ಕುಣಿಯುವುದನ್ನು ನಿಲ್ಲಿಸುತ್ತಾಳೆ. ಮುಂದಕ್ಕೆ ಬರುತ್ತಾಳೆ. ಕೈಕಟ್ಟಿ ನಿಂತು ಆ ಗಂಡಸರನ್ನು ನೇರವಾಗಿ ನೋಡುತ್ತಾಳೆ. ನೀವು ನಮ್ಮನ್ನು ನೋಡುತ್ತಿದ್ದೀರಲ್ಲ, ನಾವು ನಿಮ್ಮನ್ನು ಹೇಗೆ ನೋಡುತ್ತೇವೆ ಗೊತ್ತಾ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ನಿಮ್ಮ ಹೆಂಡತಿಯರ ಮುಂದೆ ಮಾಡಲಾಗದ್ದನ್ನು ಇಲ್ಲಿ ದುಡ್ಡು ಕೊಟ್ಟು ಮಾಡುತ್ತಿದ್ದೀರಿ ಅನ್ನುತ್ತಾಳೆ. ಧ್ವನಿ ಎತ್ತುವುದಿಲ್ಲ. ಅಳುವುದಿಲ್ಲ. ಕೂತವರು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಮಿಸುಕಾಡುತ್ತಾರೆ. ಆ ದೃಶ್ಯ ನೋಡುವಾಗ ನಾನೂ ಸರಿಯಾಗಿ ಕೂತುಕೊಂಡೆ.

ಆಗ ಅವರಿಗೆ ಬರೀ 20 ವರ್ಷ. ಚಿತ್ರ ಓಡಲಿಲ್ಲ. 2007ರಲ್ಲಿ ಅದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿದರು. ಬಿಡುಗಡೆಯಾಗಿ 67 ವರ್ಷದ ಮೇಲೆ.

ಐದು ವರ್ಷ ಕಳೆದು ಅದೇ ಮಾತನ್ನು ಅವರು ತೆರೆಯ ಹೊರಗೂ ಆಡಿದರು. 1945ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದು ಇದು: ನಿರ್ಮಾಪಕರೂ ನಿರ್ದೇಶಕರೂ ದಿನಾ ಬೆಳಿಗ್ಗೆ ಮುತ್ತಿಡುವುದಕ್ಕೆ, ಮೈಮೇಲೆ ಕೈಯಾಡಿಸುವುದಕ್ಕೆ ನಾನು ಬಿಡುವುದಿಲ್ಲ. ಅದಕ್ಕೇ ಇವಳು ಹೆಣ್ಣೇ ಅಲ್ಲ, ತಣ್ಣನೆಯ ಅಮೃತಶಿಲೆಯ ಗೊಂಬೆ ಅಂತ ಊರೆಲ್ಲ ಹಬ್ಬಿಸಿದ್ದಾರೆ. ಹಾಲಿವುಡ್ ಒಪ್ಪುವ ಹೆಣ್ಣಾಗಬೇಕಾದರೆ ಹೀಗೆ ಇರಬೇಕು ಅನ್ನುವುದಾದರೆ ಹಾಲಿವುಡ್ ಬಿಟ್ಟುಹೋಗುವುದಕ್ಕೂ ನಾನು ತಯಾರು ಅಂದರು. 1945ರಲ್ಲಿ. ಕರಾರಿನಲ್ಲಿ ದುಡಿಯುತ್ತಿದ್ದ, 25 ವರ್ಷದ, ಕೈಯಲ್ಲಿ ಪುಟ್ಟ ಮಗು ಇದ್ದ ನಟಿ. 2017ರಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಹಾಲಿವುಡ್‌ನ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಬಿಟ್ಟಾಗ ಆ ಹಳೆಯ ಪತ್ರಿಕೆಯ ತುಂಡು ಮತ್ತೆ ಹರಿದಾಡಿತು. ಹೇಳಿದವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ಮಾತಿನಿಂದಲೇ ಅವರಿಗೆ ಆಸ್ಕರ್ ತಪ್ಪಿತು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಬಾಯಿ ಮುಚ್ಚಿಕೊಂಡು ಇರದ ಹೆಣ್ಣಿಗೆ ಸುಲಭವಾಗಿ ಏನೂ ಸಿಗುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತಿರುವ ವಿಷಯ. ಮೊರೀನ್ ಬಾಯಿ ಮುಚ್ಚಿಕೊಂಡು ಇರುವವರೇ ಅಲ್ಲ. 1946ರಲ್ಲಿ ಅಮೆರಿಕದ ಪೌರತ್ವ ತೆಗೆದುಕೊಳ್ಳಲು ಹೋದಾಗ ಕಾಗದದಲ್ಲಿ ಅವರನ್ನು ಬ್ರಿಟಿಷ್ ಪ್ರಜೆ ಅಂತ ಹಾಕಿದ್ದರಂತೆ. ನಾನು ಐರಿಶ್, ಬ್ರಿಟನ್ನಿಗೆ ನಿಷ್ಠೆ ಇಟ್ಟುಕೊಂಡವಳೇ ಅಲ್ಲ, ಇಲ್ಲದ್ದನ್ನು ಬಿಡುತ್ತೇನೆ ಅಂತ ಪ್ರಮಾಣ ಮಾಡುವುದು ಹೇಗೆ ಅಂತ ಜಗಳವಾಡಿ, ನ್ಯಾಯಾಧೀಶರ ತನಕ ಹೋಗಿ, ಕಾಗದ ತಿದ್ದಿಸಿಕೊಂಡೇ ಬಂದೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1957ರಲ್ಲಿ ಒಂದು ಗಾಸಿಪ್ ಪತ್ರಿಕೆ ಅವರು ಚಿತ್ರಮಂದಿರದಲ್ಲಿ ಅಸಭ್ಯವಾಗಿ ನಡೆದುಕೊಂಡರು ಅಂತ ಬರೆದದ್ದರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಆ ದಿನ ತಾನು ಅಮೆರಿಕದಲ್ಲೇ ಇರಲಿಲ್ಲ ಅನ್ನುವುದನ್ನು ಪಾಸ್‌ಪೋರ್ಟ್ ತೋರಿಸಿ ಸಾಬೀತು ಮಾಡಿದರು. ಬೇರೆ ತಾರೆಯರು ಹೆದರಿ ಸುಮ್ನಿದ್ದ ಕಾಲ ಅದು.

ಇನ್ನು ನಟನೆಯ ಮಾತು. ನಿಮ್ಮಲ್ಲಿ ಮತ ಹಾಕುವವರೆಲ್ಲ ಸಿನಿಮಾದವರೇ. ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇನೆ.

ನನ್ನ ಅಮ್ಮ ಇಲ್ಲಿಗೆ ಬಂದು ಮೂರು ತಿಂಗಳು ಇದ್ದಳು. ಹೊರಗೆ ಮಳೆ. ಸಾಗರದವರಿಗೆ ಮಳೆ ಹೊಸತಲ್ಲ, ಆದರೆ ಚಳಿ ಸೇರಿದ ಮಳೆ ಅಮ್ಮನಿಗೆ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ 'ದಿ ಕ್ವಯಟ್ ಮ್ಯಾನ್' ಹಾಕಿದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕಥೆ ಹೇಳುತ್ತಾ ಹೋದೆ. ಅಮೆರಿಕದಿಂದ ಬಂದವನು ಹಳ್ಳಿಯ ಹುಡುಗಿ ಮೇರಿ ಕೇಟ್‌ಳನ್ನು ಮದುವೆಯಾಗುತ್ತಾನೆ. ಅವಳ ಅಣ್ಣ ಅವಳಿಗೆ ಸೇರಬೇಕಾದ 350 ಪೌಂಡ್ ಮತ್ತು ಮನೆ ಸಾಮಾನು ಕೊಡುವುದಿಲ್ಲ ಅನ್ನುತ್ತಾನೆ. ಅದು ಕೈಗೆ ಬರುವ ತನಕ ನಾನು ನಿನ್ನ ಹೆಂಡತಿಯಲ್ಲ ಅಂತ ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ದುಡ್ಡು ಯಾರಿಗೆ ಬೇಕು, ನೀನು ಸಾಕು ಅನ್ನುತ್ತಾನೆ ಗಂಡ. ಇದನ್ನು ನೋಡಿದ ಹಲವರು ಅವಳನ್ನು ದುಡ್ಡಿನ ಆಸೆಯವಳು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮೊದಲ ಸಲ ನಾನೂ ಹಾಗೇ ಅಂದುಕೊಂಡಿದ್ದೆ.

ಅಮ್ಮ ತಟ್ಟನೆ ಅಂದಳು: "ದುಡ್ಡಿಗಲ್ಲ ಕಣೇ. ಅದು ಅವಳ ಬಳುವಳಿ. ತಾಯಿ ಕಡೆಯಿಂದ ಬಂದ ಕುರ್ಚಿ ಮೇಜು. ಅದಿಲ್ಲದೆ ಹೋದರೆ ಆ ಮನೇಲಿ ಅವಳದ್ದು ಅಂತ ಏನಿದೆ?"

ನಾನು ಸಿನಿಮಾ ನಿಲ್ಲಿಸಿ ಹಿಂದಕ್ಕೆ ಹೋಗಿ ಆ ದೃಶ್ಯ ಮತ್ತೆ ಹಾಕಿದೆ. ಅಮ್ಮ ಹೇಳಿದ್ದು ಮೊರೀನ್ ಮುಖದಲ್ಲೇ ಇತ್ತು. ಮನೆಗೆ ಸಾಮಾನು ಬಂದಾಗ ಅವರು ಒಂದೊಂದನ್ನೂ ಮುಟ್ಟುವ ರೀತಿ ನೋಡಿ. ಹಣದ ಮಾತು ಬಂದಾಗ ಮುಖದಲ್ಲಿ ಕಾಣುವುದು ಅವಮಾನ, ಆಸೆಯಲ್ಲ. ಕೊನೆಗೆ ಗಂಡ ಅಣ್ಣನಿಂದ ಆ 350 ಪೌಂಡ್ ಕಿತ್ತುಕೊಂಡಾಗ ಏನಾಗುತ್ತದೆ? ಉರಿಯುವ ಒಲೆಯ ಬಾಗಿಲನ್ನು ಅವಳೇ ತೆಗೆಯುತ್ತಾಳೆ. ಅವನು ನೋಟುಗಳನ್ನು ಒಳಗೆ ಎಸೆಯುತ್ತಾನೆ. ಅಮ್ಮ ನನ್ನ ಮುಖ ನೋಡಿದಳು, ಅಷ್ಟೇ. ಇಂಗ್ಲಿಷ್ ಬಾರದ ಮಲೆನಾಡಿನ ಹೆಂಗಸಿಗೆ, 1951ರಲ್ಲಿ ಐರ್ಲೆಂಡಿನಲ್ಲಿ ನಟಿಸಿದ ಹೆಣ್ಣಿನ ಮನಸ್ಸು ನೇರವಾಗಿ ಗೊತ್ತಾಯಿತು. ಇದಕ್ಕಿಂತ ದೊಡ್ಡ ನಟನೆ ಯಾವುದು, ಹೇಳಿ.

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ಮೇರಿ ಕೇಟ್ ಹೊಳೆಯಲ್ಲಿ ಮೀನು ಹಿಡಿಯುತ್ತಿರುವ ಪಾದ್ರಿಯ ಹತ್ತಿರ ಹೋಗುತ್ತಾಳೆ. ಗಂಡನ ಜೊತೆ ಮಲಗುತ್ತಿಲ್ಲ ಅನ್ನುವ ವಿಷಯ ಹೇಳಬೇಕು. ಬಾಯಿ ಬರುವುದಿಲ್ಲ. ಐರಿಶ್ ಭಾಷೆಯಲ್ಲಿ ಹೇಳಲಾ ಅಂತ ಕೇಳುತ್ತಾಳೆ. ಆಮೇಲೆ ಗಡಗಡ ಐರಿಶ್‌ನಲ್ಲೇ ಹೇಳಿಬಿಡುತ್ತಾಳೆ. ಮೊರೀನ್‌ಗೆ ಆ ಭಾಷೆ ಬರುತ್ತಿತ್ತು. ನೋಡುವ ಅಮೆರಿಕದವರಿಗೆ ಒಂದು ಪದವೂ ಅರ್ಥವಾಗದಿದ್ದರೂ ಅವಳ ನಾಚಿಕೆ, ಸಿಟ್ಟು, ದುಃಖ ಮೂರೂ ಅರ್ಥವಾಗುತ್ತವೆ. ಈ ಪತ್ರವನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದೂ ಅದಕ್ಕೇ. ದಿನವಿಡೀ ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತೇನೆ. ಮನಸ್ಸಿನ ಮಾತು ಮಾತ್ರ ಆ ಭಾಷೆಯಲ್ಲಿ ಬರುವುದಿಲ್ಲ.

ಈ ಸಿನಿಮಾಕ್ಕಾಗಿ ಅವರು ಎಷ್ಟು ಕಾದರು ಗೊತ್ತಾ? 1944ರಲ್ಲಿ ಫೋರ್ಡ್ ಜೊತೆ ಕೈಕುಲುಕಿ ಒಪ್ಪಿದ್ದು. ಯಾವ ಸ್ಟುಡಿಯೋಗೂ ಬೇಕಿರಲಿಲ್ಲ. ಕೊನೆಗೆ ರಿಪಬ್ಲಿಕ್ ಕಂಪನಿ, ಮೊದಲು ದುಡ್ಡು ತರುವ ಒಂದು ವೆಸ್ಟರ್ನ್, ಅಂದರೆ ಕೌಬಾಯ್ ಸಿನಿಮಾ, ಮಾಡಿಕೊಡಿ ಅಂದಿತು. ಅದೇ ತಂಡ ಸೇರಿ 1950ರಲ್ಲಿ 'ರಿಯೊ ಗ್ರಾಂಡೆ' ಮಾಡಿಕೊಟ್ಟಿತು. ಏಳು ವರ್ಷದ ಮೇಲೆ ಕಾಂಗ್‌ನಲ್ಲಿ ಕ್ಯಾಮೆರಾ ತಿರುಗಿತು. ಒಂದು ದೃಶ್ಯದಲ್ಲಿ ವೇಯ್ನ್‌ಗೆ ಹೊಡೆಯಲು ಬೀಸಿದ ಕೈಗೆ ಪೆಟ್ಟಾಗಿ ಮೂಳೆ ಬಿರುಕು ಬಿಟ್ಟಿತು. ಹೊಲದಲ್ಲಿ ಎಳೆದುಕೊಂಡು ಹೋಗುವ ದೃಶ್ಯಕ್ಕೆ ಮೊದಲು ಫೋರ್ಡ್ ಮತ್ತು ವೇಯ್ನ್ ಬೇಕಂತಲೇ ಕುರಿ ಹಿಕ್ಕೆಯನ್ನು ದಾರಿಗೆ ತಂದು ಹಾಕಿದರು. ತೊಳೆದುಕೊಳ್ಳಲೂ ಬಿಡಲಿಲ್ಲ. ಇದನ್ನು ತಮಾಷೆ ಅಂತ ಹೇಳುವವರು ಇಲ್ಲಿ ಇಂದಿಗೂ ಇದ್ದಾರೆ. ನನಗೆ ಯಾಕೋ ನಗು ಬರುವುದಿಲ್ಲ. ಇದೇ ಫೋರ್ಡ್ ಒಮ್ಮೆ ಪಾರ್ಟಿಯಲ್ಲಿ ತಮ್ಮ ದವಡೆಗೆ ಗುದ್ದಿದ್ದನ್ನೂ ಮೊರೀನ್ ಬರೆದಿದ್ದಾರೆ. ಆದರೂ ಅವರ ಐದು ಚಿತ್ರಗಳಲ್ಲಿ ನಟಿಸಿದರು. ಫೋರ್ಡ್‌ಗೆ ನಿರ್ದೇಶನಕ್ಕಾಗಿಯೇ 4 ಆಸ್ಕರ್ ಬಂದವು. ವೇಯ್ನ್‌ಗೆ 1970ರಲ್ಲಿ ಬಂತು. 1979ರಲ್ಲಿ ವೇಯ್ನ್ ಸಾವಿನ ಹಾಸಿಗೆಯಲ್ಲಿದ್ದಾಗ ಅವರಿಗೆ ಚಿನ್ನದ ಪದಕ ಕೊಡಿ ಅಂತ ಅಮೆರಿಕದ ಕಾಂಗ್ರೆಸ್ ಮುಂದೆ ಕಣ್ಣೀರು ಹಾಕಿ ಕೇಳಿದವರು ಮೊರೀನ್. ಪದಕ ಕೊಟ್ಟರು. ತಮಗೆ ಕೊಡಿ ಅಂತ ಮೊರೀನ್ ಎಲ್ಲೂ ಹೋಗಿ ಕೇಳಲಿಲ್ಲ.

ಸಿನಿಮಾ ಬಿಟ್ಟ ಮೇಲಿನ ಬದುಕೂ ಸಣ್ಣದಲ್ಲ. 1968ರಲ್ಲಿ ವಿಮಾನಚಾಲಕ ಚಾರ್ಲ್ಸ್ ಬ್ಲೇರ್ ಅವರನ್ನು ಮದುವೆಯಾದರು. ಮೊದಲಿನ ಎರಡು ಮದುವೆಗಳಲ್ಲಿ ಸಿಗದ ನೆಮ್ಮದಿ ಇಲ್ಲಿ ಸಿಕ್ಕಿತು. ಗಂಡ ಕೆರಿಬಿಯನ್ ದ್ವೀಪಗಳ ನಡುವೆ ನೀರಿನ ಮೇಲಿಳಿಯುವ ವಿಮಾನಗಳ ಕಂಪನಿ ನಡೆಸುತ್ತಿದ್ದರು. 1978ರಲ್ಲಿ ತಾವೇ ಓಡಿಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು. ಕಂಪನಿಯ ಹೊಣೆ ಮೊರೀನ್ ಹೊತ್ತರು. ಅಮೆರಿಕದಲ್ಲಿ ನಿಗದಿತ ವೇಳೆಗೆ ಹಾರುವ ವಿಮಾನ ಕಂಪನಿಯೊಂದರ ಅಧ್ಯಕ್ಷೆಯಾದ ಮೊದಲ ಹೆಂಗಸು ಅವರೇ. ಅಪ್ಪ ಕಲಿಸಿದ ಲೆಕ್ಕಪತ್ರ ಆಗ ನೆನಪಾಗಿರಬೇಕು. 1991ರಲ್ಲಿ 'ಓನ್ಲಿ ದಿ ಲೋನ್ಲಿ'ಯಲ್ಲಿ ಗಟ್ಟಿಬಾಯಿಯ ತಾಯಿಯಾಗಿ ಮರಳಿ ಬಂದರು. 2004ರಲ್ಲಿ ಆತ್ಮಕಥೆ ಬಂತು, ''ಟಿಸ್ ಹರ್‌ಸೆಲ್ಫ್'. ಇಲ್ಲಿಯವರು ಮನೆಯ ಯಜಮಾನಿಯನ್ನು 'ಹರ್‌ಸೆಲ್ಫ್' ಅನ್ನುತ್ತಾರೆ. ನಾವು 'ಅಮ್ಮಾವ್ರು' ಅನ್ನುವ ಹಾಗೆ. ಕಾರ್ಕ್ ಕೌಂಟಿಯ ಗ್ಲೆನ್‌ಗ್ಯಾರಿಫ್‌ನಲ್ಲಿ ಕಡಲಿನ ಪಕ್ಕ ಅವರ ಮನೆ ಇತ್ತು. 90 ದಾಟುವ ತನಕ ಅಲ್ಲಿದ್ದರು.

1991ರಿಂದ 2014ರ ತನಕ ನಿಮಗೆ 23 ವರ್ಷ ಇತ್ತು. ಅವರ 71ನೇ ವಯಸ್ಸಿನಲ್ಲಿ ಕರೆದಿದ್ದರೆ ನಡೆದುಕೊಂಡು ಬರುತ್ತಿದ್ದರು. 80ನೇ ವಯಸ್ಸಿನಲ್ಲಿ ಕರೆದಿದ್ದರೂ ಬರುತ್ತಿದ್ದರು. ನಿಮ್ಮ ಪ್ರಶಸ್ತಿಯ ಮಾತುಗಳಲ್ಲಿ ಅವರ ನಟನೆಯ ಆವೇಶ, ಅಕ್ಕರೆ, ಗಟ್ಟಿತನವನ್ನು ಹೊಗಳಿದ್ದೀರಿ. ಸರಿಯಾದ ಮಾತು. ಆದರೆ ಆ ಮೂರೂ 1941ರಲ್ಲೇ ತೆರೆಯ ಮೇಲೆ ಇದ್ದವು.

ತಡವಾಗಿದ್ದನ್ನು ಈಗ ಸರಿಮಾಡುವುದಕ್ಕೆ ಆಗುವುದಿಲ್ಲ. ಮುಚ್ಚಿದ ಸಭಾಂಗಣದಲ್ಲಿ ಕೊಡುವುದನ್ನು ಸರಿಮಾಡಬಹುದು.

1992 ನಿಮಗೆ ನೆನಪಿರಲಿಕ್ಕೆ ಸಾಕು. ಸತ್ಯಜಿತ್ ರಾಯ್ ಅವರಿಗೆ ಗೌರವ ಆಸ್ಕರ್ ಕೊಟ್ಟಿರಿ. ಅವರೂ ಒಮ್ಮೆಯೂ ನಾಮನಿರ್ದೇಶನ ಆದವರಲ್ಲ. ಕಲ್ಕತ್ತದ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಆ ಪುತ್ಥಳಿ ಹಿಡಿದುಕೊಂಡು ಮಾತಾಡಿದರು. ಅದು ನಿಮ್ಮ ಮುಖ್ಯ ಸಮಾರಂಭದಲ್ಲಿ ಬಂತು. ಜಗತ್ತೆಲ್ಲ ನೋಡಿತು. ನಾನಾಗ ಶಾಲೆಯಲ್ಲಿದ್ದೆ. ನಮ್ಮ ಮನೆಯ ಟಿವಿಯಲ್ಲಿ ವಾರ್ತೆಯ ನಡುವೆ ಆ ಮುಖ ಬಂದಾಗ ಅಪ್ಪ ಊಟದ ಕೈ ಹಾಗೇ ನಿಲ್ಲಿಸಿದ್ದು ನನಗೆ ನೆನಪಿದೆ. ಮೂರೂವರೆ ವಾರದಲ್ಲಿ ರಾಯ್ ಹೋದರು. ಅದರ ಹಿಂದಿನ ವರ್ಷ ಗೌರವ ಆಸ್ಕರ್ ಪಡೆದ ಮರ್ನಾ ಲಾಯ್‌ಗೆ ಆಗ 85 ವರ್ಷ. ಬರಲಾಗಲಿಲ್ಲ. ನ್ಯೂಯಾರ್ಕಿನ ತಮ್ಮ ಮನೆಯಿಂದಲೇ ಎರಡು ಮಾತು ಹೇಳಿದರು. ಅದನ್ನೂ ಅದೇ ರಾತ್ರಿ ತೋರಿಸಿದಿರಿ. ಅವರಿಬ್ಬರಿಗೆ ಸಿಕ್ಕ ಜಾಗ ಮೊರೀನ್‌ಗೆ ಸಿಗಲಿಲ್ಲ. ಅವರ ಜೊತೆ ಆ ರಾತ್ರಿ ಗೌರವ ಪಡೆದ ಜಪಾನಿನ ಅನಿಮೇಶನ್ ನಿರ್ದೇಶಕ ಹಯಾವೊ ಮಿಯಾಝಾಕಿಗೂ ಸಿಗಲಿಲ್ಲ. ಮಹಾಭಾರತವನ್ನು ಒಂಬತ್ತು ಗಂಟೆಯ ನಾಟಕವಾಗಿ ಬರೆದ ಜಾನ್-ಕ್ಲೋಡ್ ಕಾರಿಯೇಗೂ ಸಿಗಲಿಲ್ಲ.

ಸಮಾರಂಭ ಉದ್ದವಾಗುತ್ತದೆ, ನೋಡುವವರು ಚಾನೆಲ್ ಬದಲಿಸುತ್ತಾರೆ ಅನ್ನುವುದು ನಿಮ್ಮ ಕಷ್ಟ. ಬೇರೆ ರಾತ್ರಿಯಾದರೆ ಹಿರಿಯರು ಗಡಿಬಿಡಿ ಇಲ್ಲದೆ ಮಾತಾಡಬಹುದು ಅನ್ನುವುದೂ ನಿಜ. ಆ ಮಾತುಗಳನ್ನು ನೀವು ಆಮೇಲೆ ಯೂಟ್ಯೂಬ್‌ಗೆ ಹಾಕುತ್ತೀರಿ, ನಾನು ಮೊರೀನ್ ಅವರನ್ನು ನೋಡಿದ್ದೂ ಅಲ್ಲೇ. ಅದಕ್ಕೆ ಋಣಿ. ಆದರೆ ಹುಡುಕಿಕೊಂಡು ಹೋಗಿ ನೋಡುವವರಿಗೆ ಅವರು ಯಾರು ಅಂತ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರ ಮುಂದೆ ಅವರನ್ನು ತಂದು ನಿಲ್ಲಿಸುವುದು ಆ ಒಂದು ರಾತ್ರಿಗೆ ಮಾತ್ರ ಸಾಧ್ಯ. ಊಟದ ಕೂಟ ಬೇಕಾದರೆ ಇರಲಿ, ಅಲ್ಲಿ ಅವರು ಎಷ್ಟು ಹೊತ್ತು ಬೇಕಾದರೂ ಮಾತಾಡಲಿ. ಪುತ್ಥಳಿ ಕೈಗೆ ಕೊಡುವುದನ್ನು ಮಾತ್ರ ಮುಖ್ಯ ವೇದಿಕೆಯಲ್ಲಿ ಮಾಡಿ. ಒಬ್ಬೊಬ್ಬರಿಗೆ ಐದು ನಿಮಿಷ ಸಾಕು. ಬರಲಾಗದವರ ಮನೆಗೆ ಕ್ಯಾಮೆರಾ ಕಳಿಸಿ. ಲಾಯ್ ಅವರಿಗೆ, ರಾಯ್ ಅವರಿಗೆ ನೀವೇ ಮಾಡಿದ ಕೆಲಸ ಇದು.

ನಿಮ್ಮ ಸಮಾರಂಭ ಶುರುವಾಗುವಾಗ ಸಾಗರದಲ್ಲಿ ಬೆಳಗಿನ ಜಾವ. ಅಮ್ಮ ಹಾಲು ಕಾಯಿಸುವ ಹೊತ್ತು. ಈಚೆಗೆ ಅವಳೂ ಟಿವಿ ಹಾಕಿಕೊಂಡು ಕೂರುತ್ತಾಳೆ. ಅಷ್ಟು ಜನರ ನಡುವೆ ಗುರುತಿರುವವರು ಯಾರೂ ಕಾಣುವುದಿಲ್ಲ ಅಂತ ಫೋನಿನಲ್ಲಿ ಹೇಳುತ್ತಾಳೆ. "ಆ ಬಳುವಳಿ ಹುಡುಗಿಗೆ ಕೊಟ್ಟರಾ ಇಲ್ವಾ?" ಅಂತ ಒಮ್ಮೆ ಕೇಳಿದ್ದಳು. ಕೊಟ್ಟರು, ತೋರಿಸಲಿಲ್ಲ ಅಂದೆ. "ಕೊಟ್ಟಿದ್ದನ್ನ ಯಾಕೆ ತೋರಿಸ್ಲಿಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದ್ದರೆ ತಿಳಿಸಿ.

ಇಂತಿ,
ಗಾಲ್ವೇಯಿಂದ ಒಬ್ಬ ಕನ್ನಡತಿ